ಜಗದಾಂಬಳ ಎರಡು ವರ್ಷ

ಹೆಡ್‌ಮೇಷ್ಟ್ರು ನಂದೀಶ್ವರಯ್ಯನವರ ಮನೆಯಲ್ಲಿ ಬೆಳಗಿನ ಪೂಜೆ ಮುಗಿದು ರೊಟ್ಟಿ ತಟ್ಟುವ ಹೊತ್ತಿಗೆ ಅಂಚೆಯವನು ಬಂದ. ೧೯೩೭ರ ಜೂನ್ ತಿಂಗಳು. ಮಗಳು ಜಗದಾಂಬ ಹಿಟ್ಟಿನ ಕೈಯಲ್ಲೇ ಓಡಿಬಂದು ಲಕೋಟೆ ಕಿತ್ತುಕೊಂಡಳು. ಮೈಸೂರಿನ ವೈದ್ಯಕೀಯ ಕಾಲೇಜಿನಿಂದ ಬಂದದ್ದು.

"ಅಪ್ಪಾ, ಇಂಟರ್‌ವ್ಯೂಗೆ ಕರೆದಿದ್ದಾರೆ!" ಎಂದು ಕೂಗಿದವಳು ಕೊನೆಯ ಸಾಲನ್ನು ಎರಡೆರಡು ಸಲ ಓದಿದಳು. ಅರ್ಜಿಯಲ್ಲಿ ಬರೆದ ವಯಸ್ಸಿಗೂ ಶಾಲೆಯ ಸರ್ಟಿಫಿಕೇಟಿಗೂ ಎರಡು ವರ್ಷ ವ್ಯತ್ಯಾಸವಿದೆ, ಹದಿನೇಳು ತುಂಬದವರಿಗೆ ಪ್ರವೇಶವಿಲ್ಲ, ಆದ್ದರಿಂದ ಸಮಜಾಯಿಷಿ ತರತಕ್ಕದ್ದು ಎಂದಿತ್ತು.

ಜಗದಾಂಬಳಿಗೆ ಹದಿನೆಂಟು ತುಂಬಿ ಎಂಟು ತಿಂಗಳಾಗಿತ್ತು. ಸರ್ಟಿಫಿಕೇಟಿನ ಪ್ರಕಾರ ಹದಿನಾರೇ. ಮಧುಗಿರಿ ಸೀಮೆಯಲ್ಲಿ ಇದೇನು ಸೋಜಿಗವಲ್ಲ. ಹೆಣ್ಣುಮಗುವನ್ನು ಶಾಲೆಗೆ ಸೇರಿಸುವಾಗ ಎರಡು ವರ್ಷ ಇಳಿಸಿ ಬರೆಸುವುದು ಸಂತೆಯಲ್ಲಿ ಒಂದು ಹಿಡಿ ಕೊಸರು ಕೇಳಿದಷ್ಟೇ ಸಹಜ. ನಾಳೆ ಗಂಡಿನ ಕಡೆಯವರು ಬಂದಾಗ ಹುಡುಗಿ ಎಳೆಯದಾಗಿ ಕಾಣಬೇಕಲ್ಲ! ಜಗದಾಂಬಳಿಗೆ ಮೂರನೇ ತರಗತಿಯವರೆಗೆ ಮನೆಯಲ್ಲೇ ಪಾಠ ಹೇಳಿ, ಎಂಟು ತುಂಬಿದ ಮೇಲೆ ನೇರವಾಗಿ ನಾಲ್ಕಕ್ಕೆ ಸೇರಿಸಿದಾಗ ನಂದೀಶ್ವರಯ್ಯನವರೂ ಅದನ್ನೇ ಮಾಡಿದ್ದರು. ಬೇರೆಯವರು ಮೇಷ್ಟ್ರಿಗೆ ಸುಳ್ಳು ಹೇಳಿ ಬರೆಸುತ್ತಿದ್ದರು. ಇವರು ತಾವೇ ಮೇಷ್ಟ್ರಾದ್ದರಿಂದ ತಮ್ಮ ಕೈಯಲ್ಲೇ ಬರೆದುಕೊಂಡರು.

"ಮುಂದಿನ ವರ್ಷ ಹೋದ್ರಾಯ್ತು, ತಾನಾಗೇ ಹದಿನೇಳಾಗುತ್ತೆ," ಎಂದರು ಮೇಷ್ಟ್ರು, ಮಗಳ ಮುಖ ನೋಡದೆ.

ಅವರ ತಾಯಿ ಶಿವರುದ್ರಮ್ಮ ಒಲೆಯ ಮುಂದಿನಿಂದಲೇ ಗುಡುಗಿದರು. "ಮುಂದಿನ್ ವರ್ಸವಂತೆ! ನಾನ್ ಮೊದ್ಲೇ ಯೋಳಿದ್ದೆ ಕಣಪ್ಪಾ. ಈ ವರ್ಸ ಸೀಟು ಸಿಕ್ರೆ ಓದ್ಲಿ. ಇಲ್ದಿದ್ರೆ ಕಾರ್ತೀಕ ಕಳೀತ್ಲೂ ಸಿರಾದೋರ ಮನೆಗೆ ಕೊಟ್ಬುಡಾದು. ಅವ್ರು ಇನ್ನೆಷ್ಟು ದಿನ ಕಾಯ್ತಾರೆ?"

ಸಿರಾದ ಜವಳಿ ವ್ಯಾಪಾರಿಯ ಮನೆಯವರು ಹುಡುಗಿಗೆ ಹದಿನಾರು ಎಂದು ನಂಬಿಕೊಂಡೇ ಒಪ್ಪಿದ್ದರು. ನಿಜ ಹೇಳಿದರೆ ಆ ಸಂಬಂಧ ಮುರಿಯುತ್ತದೆ, ಮೇಲೆ ಇಲಾಖೆಯ ವಿಚಾರಣೆ. ಮೂವತ್ತು ವರ್ಷ ಮಕ್ಕಳಿಗೆ 'ಸುಳ್ಳು ಹೇಳಬೇಡಿ' ಎಂದು ಕಾಪಿ ಬರೆಸಿದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಹೇಳದಿದ್ದರೆ ಮಗಳ ಓದು ಅಲ್ಲಿಗೇ ಮುಗಿಯಿತು. ಮೇಷ್ಟ್ರು ಆವತ್ತು ಎರಡು ರೊಟ್ಟಿಗೇ ಕೈ ತೊಳೆದರು.

ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ಒಂದು ಕಾಗದ ಬರೆದು, ಶಾಲೆಯ ಮೊಹರು ಒತ್ತಿ, ಲಕೋಟೆಯಲ್ಲಿಟ್ಟು ಮಗಳ ಕೈಗೆ ಕೊಟ್ಟರು. "ಕೇಳಿದ್ರೆ ಇದನ್ನ ಕೊಡು. ಆಗ ಸಹಾಯಕರಾಗಿದ್ದ ಕೆಂಪಯ್ಯ ಮೇಷ್ಟ್ರು ಕೈತಪ್ಪಿ ಇಸವಿ ತಪ್ಪಾಗಿ ಬರೆದರು ಅಂತ ಬರೆದಿದ್ದೀನಿ."

ಕೆಂಪಯ್ಯ ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಅಪ್ಪಾ, ಕೆಂಪಯ್ಯ ಮೇಷ್ಟ್ರು ನನಗೆ ಭಿನ್ನರಾಶಿ ಕಲಿಸಿದೋರು," ಎಂದಳು ಜಗದಾಂಬ. "ಒಂದು ಸೊನ್ನೆ ತಪ್ಪಾಗಿ ಬರೆದರೆ ಇಡೀ ಹಲಗೆ ಒರೆಸೋರು."

"ಸತ್ತೋರಿಗೆ ಏನು ನಷ್ಟ? ನಿನಗೆ ಓದಬೇಕೋ ಬೇಡವೋ?"

ಅವಳು ಲಕೋಟೆ ತೆಗೆದುಕೊಂಡಳು. ಓದಲೇಬೇಕಿತ್ತು, ಅದಕ್ಕೆ. ಆದರೆ ತುಮಕೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಮೈಸೂರಿನವರೆಗೆ ರೈಲಿನಲ್ಲಿ ಅಪ್ಪನ ಜೊತೆ ನಾಲ್ಕು ಮಾತು ಕೂಡ ಆಡಲಿಲ್ಲ.

ಸಂದರ್ಶನದ ಕೊಠಡಿಯಲ್ಲಿ ಮೂವರು ಕೂತಿದ್ದರು. ನಡುವೆ ನರೆತ ಮೀಸೆಯ ಡಾಕ್ಟರರೊಬ್ಬರು. ಜೀವಶಾಸ್ತ್ರದಲ್ಲಿ ಐದಾರು ಪ್ರಶ್ನೆ ಕೇಳಿದರು. ಹೃದಯದ ಕವಾಟಗಳ ಬಗ್ಗೆ ಅವಳು ಹೇಳಿದ್ದಕ್ಕೆ ಪಕ್ಕದವರು ತಲೆದೂಗಿದರು.

"ಹೆಣ ಕೊಯ್ಯಬೇಕಾಗುತ್ತೆ. ಮನೆಯಲ್ಲಿ ಸೂತಕ ಅನ್ನೋದಿಲ್ಲವೇ?"

"ಲಿಂಗ ಕಟ್ಟಿದ ಮೈಗೆ ಸೂತಕ ಇಲ್ಲ ಅಂತ ನಮ್ಮಜ್ಜಿಯೇ ಹೇಳ್ತಾರೆ ಸರ್. ಆಗ ಅವರ ಮಾತನ್ನೇ ಅವರಿಗೆ ಹೇಳ್ತೀನಿ."

ಡಾಕ್ಟರು ನಕ್ಕರು. "ಸರಿ. ಡಾಕ್ಟರಾಗಬೇಕು ಅಂತ ಯಾಕನ್ನಿಸಿತು?"

"ನಾನು ಹುಟ್ಟಿ ಹದಿನಾರನೇ ದಿನಕ್ಕೆ ನಮ್ಮಮ್ಮ ಇನ್‌ಫ್ಲುಯೆಂಜಾದಲ್ಲಿ ತೀರಿಹೋದರು. ಊರಲ್ಲಿ ಆಗ ಬಾಣಂತಿಯನ್ನು ಮುಟ್ಟಿ ನೋಡೋಕೆ ಸೂಲಗಿತ್ತಿ ಹನುಮಕ್ಕ ಬಿಟ್ಟರೆ ಯಾರೂ ಇರಲಿಲ್ಲ. ಅರಳೆ ಬತ್ತಿಯಲ್ಲಿ ಮೇಕೆ ಹಾಲು ಕುಡಿಸಿ ನನ್ನನ್ನು ಉಳಿಸಿದೋಳೂ ಅವಳೇ."

ಡಾಕ್ಟರು ಸರ್ಟಿಫಿಕೇಟನ್ನು ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು. "ಇನ್‌ಫ್ಲುಯೆಂಜಾ ಬಂದದ್ದು ಹದಿನೆಂಟರಲ್ಲಿ. ಇಲ್ಲಿ ನೀನು ಹುಟ್ಟಿದ್ದು ಇಪ್ಪತ್ತರಲ್ಲಿ ಅಂತಿದೆ. ತಾಯಿ ಸತ್ತು ಎರಡು ವರ್ಷಕ್ಕೆ ಹುಟ್ಟಿದೆಯೇನಮ್ಮಾ?"

ಪಕ್ಕದವರಿಬ್ಬರೂ ನಕ್ಕುಬಿಟ್ಟರು. ಜಗದಾಂಬಳಿಗೆ ನಗು ಬರಲಿಲ್ಲ. ಇಷ್ಟು ವರ್ಷ ಆ ಲೆಕ್ಕ ಅವಳ ತಲೆಗೇ ಹೋಗಿರಲಿಲ್ಲ. ಅಪ್ಪ ಬರೆದ ಇಸವಿಯಲ್ಲಿ ಅಮ್ಮನಿಗೆ ಜಾಗವೇ ಇರಲಿಲ್ಲ. ಅಮ್ಮನ ಮಡಿಲಲ್ಲಿದ್ದ ಆ ಹದಿನಾರು ದಿನವೂ ಅಳಿಸಿಹೋಗಿತ್ತು.

"ಸಮಜಾಯಿಷಿ ತಂದಿದ್ದೀಯಾ?"

ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈಯಿಟ್ಟಳು. "ಕಾಗದ ಇದೆ ಸರ್. ಆದರೆ ಬರೆದವರು ಹೊರಗೇ ಕೂತಿದ್ದಾರೆ. ಅವರನ್ನೇ ಕೇಳಬೇಕು ಅಂತ ಬೇಡಿಕೊಳ್ತೀನಿ."

ಜವಾನ ಹೋಗಿ ಮೇಷ್ಟ್ರನ್ನು ಕರೆತಂದ. ರುಮಾಲು, ಮುಚ್ಚುಕೋಟು, ಹಣೆಯ ಮೇಲೆ ವಿಭೂತಿ. ಡಾಕ್ಟರು ತಾಯಿ ಸತ್ತ ವರ್ಷವನ್ನೂ ಮಗಳು ಹುಟ್ಟಿದ ವರ್ಷವನ್ನೂ ಅವರ ಮುಂದೆ ಮತ್ತೊಮ್ಮೆ ಹೇಳಿದರು. "ಯಾರು ಬರೆದದ್ದು ಸ್ವಾಮೀ ಇದನ್ನ?"

ಮೇಷ್ಟ್ರು ತೆರೆಯದ ಲಕೋಟೆ ನೋಡಿದರು, ಮಗಳನ್ನು ನೋಡಿದರು. ಅವಳ ಕಣ್ಣು ಅವಳ ತಾಯಿ ಸರೋಜಮ್ಮನದೇ. ಲಕೋಟೆ ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು.

"ಅಕ್ಷರ ನನ್ನದು," ಎಂದರು. "ಸುಳ್ಳೂ ನನ್ನದೇ. ಮದುವೆಗೆ ಅನುಕೂಲ ಆಗಲಿ ಅಂತ ಎರಡು ವರ್ಷ ಇಳಿಸಿದೆ. ಸತ್ತುಹೋದ ಒಬ್ಬ ಒಳ್ಳೆಯ ಮನುಷ್ಯನ ತಲೆಗೆ ಕಟ್ಟೋಕೆ ಈ ಕಾಗದ ಬರೆದಿದ್ದೆ. ಅದನ್ನ ನೀವು ಓದೋದು ಬೇಡ. ಶಿಕ್ಷೆ ಏನಿದ್ರೂ ನನಗಾಗಲಿ. ಹುಡುಗಿ ಅರ್ಜಿಯಲ್ಲಿ ನಿಜವನ್ನೇ ಬರೆದಿದ್ದಾಳೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಷ್ಟ್ರೇ," ಎಂದರು ಡಾಕ್ಟರು ಮೆಲ್ಲಗೆ, "ಹೆರಿಗೆಗೆ ಬರೋ ಹುಡುಗಿಯ ವಯಸ್ಸು ಕೇಳಿದರೆ ಒಬ್ಬರೂ ನಿಜ ಹೇಳೋದಿಲ್ಲ. ಕಮ್ಮಿ ಹೇಳ್ತಾರೆ, ಬಯ್ದರೆ ಜಾಸ್ತಿ ಹೇಳ್ತಾರೆ. ಅಪಾಯ ಎಷ್ಟು ಅಂತ ನಾವು ಅಂದಾಜು ಮಾಡೋದು ಹೇಗೆ? ಹೋಗಲಿ. ಇವಳ ಹುಟ್ಟು ಕಂಡವರು ಯಾರಾದರೂ ಬದುಕಿದ್ದರೆ ಅಮಲ್ದಾರರ ಮುಂದೆ ಹೇಳಿಕೆ ಕೊಡಿಸಿ, ಹದಿನೈದು ದಿನದಲ್ಲಿ ಕಳಿಸಿ. ಉಳಿದದ್ದರಲ್ಲಿ ಇವಳಿಗೆ ಅಡ್ಡಿ ಇಲ್ಲ."

ಹೊರಗೆ ಬಂದ ಮೇಲೆ ಮೇಷ್ಟ್ರು ಮರದ ಕೆಳಗೆ ನಿಂತು ಲಕೋಟೆಯನ್ನು ಚೂರುಚೂರು ಮಾಡಿದರು. ಆಮೇಲೆ, "ಹೊಟ್ಟೆ ಹಸಿದಿದೆ ಕಣಮ್ಮ," ಎಂದರು. ಆವತ್ತು ಹೋಟೆಲಿನಲ್ಲಿ ಆರು ಇಡ್ಲಿ ತಿಂದರು.

ವಾರದೊಳಗೆ ಹನುಮಕ್ಕ ಮಧುಗಿರಿಯ ಅಮಲ್ದಾರರ ಕಚೇರಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎಪ್ಪತ್ತರ ಮುದುಕಿ. ಹುಡುಗಿ ಹುಟ್ಟಿದ ವರ್ಷ ಯಾವುದೆಂದು ಅಮಲ್ದಾರರು ಕೇಳಿದರು.

"ಇಸ್ವಿಗಿಸ್ವಿ ನಂಗೊತ್ತಿಲ್ಲ ಬುದ್ಧಿ. ಜ್ವರದ್ ವರ್ಸ. ದಿನಕ್ಕೆ ಏಳೆಂಟು ಹೆಣ ಹೋಗವು. ಸರೋಜಮ್ಮ ಮಗಾನ ನನ್ ಕೈಗಾಕಿ, 'ಇದನ್ನ ಉಳಿಸ್ಬುಡು ಹನುಮಕ್ಕ' ಅಂದ್ಲು. ಉಳಿಸ್ಬುಟ್ಟೆ. ಅದೇನ್ ಸುಳ್ಳಾ?"

ಅಮಲ್ದಾರರು ಎದ್ದುನಿಂತು ಮುದುಕಿಯ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡರು. ಬಾಗಿಲ ಬಳಿ ನಿಂತಿದ್ದ ಮೇಷ್ಟ್ರು ಕಣ್ಣೊರೆಸಿಕೊಂಡರು.

ಸಿರಾದವರಿಗೆ ನಿಜ ತಿಳಿಯಿತು. ಒಂದು ಕಾರ್ಡು ಬರೆದು ಸಂಬಂಧ ಬೇಡವೆಂದರು. ಶಿವರುದ್ರಮ್ಮ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಇಲಾಖೆಯಿಂದ ಮೇಷ್ಟ್ರಿಗೆ ಛೀಮಾರಿಯ ಕಾಗದ ಬಂತು. ಕೆಲಸ ಉಳಿಯಿತು. ಜುಲೈ ಎರಡನೇ ವಾರ ಮೈಸೂರಿನಿಂದ ಬಂದ ಲಕೋಟೆಯನ್ನು ಜಗದಾಂಬ ಒಡೆಯಲಾರದೆ ಅಪ್ಪನಿಗೆ ಕೊಟ್ಟಳು. ಅವರು ಓದಿ, "ಸಿಕ್ತು!" ಎಂದು ಕಂಬಕ್ಕೆ ಒರಗಿ ಕೂತರು. ಅಜ್ಜಿ ಒಳಗಿನಿಂದ ಬಂದು ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿದರು. "ಹೆಣ ಮುಟ್ಟಿದ್ರೂವೆ ಊಟದ್ ಹೊತ್ಗೆ ಕೈ ತೊಳ್ಕಾ ಕಣಮ್ಮ," ಎಂದರು. ಎಲ್ಲರೂ ನಕ್ಕರು, ಎಷ್ಟೋ ದಿನದ ಮೇಲೆ.

ಮಗಳನ್ನು ಮೈಸೂರಿಗೆ ಬಿಟ್ಟು ಬಂದ ಮಾರನೆಯ ಬೆಳಿಗ್ಗೆ ಮೇಷ್ಟ್ರು ಶಾಲೆಯ ರಿಜಿಸ್ಟರು ತೆಗೆದರು. ಜಗದಾಂಬಳ ಹೆಸರಿನ ಮುಂದಿದ್ದ ಇಸವಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ರುಜು ಹಾಕಿದರು. ಆಮೇಲೆ ತಮ್ಮ ಕುರ್ಚಿಯನ್ನು ಹೊತ್ತು ತಂದು ಜಗುಲಿಯ ಮೇಲಿಟ್ಟರು.

ಐ.ಡಿ.ಹಳ್ಳಿಯಿಂದ ಬಂದು ಪೇಟೆಯಲ್ಲಿ ನೆಲಸಿದ್ದ ಮೂಡಲಗಿರಿಯಪ್ಪ ಮಗಳನ್ನು ಸೇರಿಸಲು ಬಂದ. "ಎಂಟಾಗೈತೆ ಸಾಮಿ. ಆರು ಅಂತ ಬರ್ಕಳಿ. ಎಲ್ರೂವೆ ಅಂಗೇ ಅಲ್ವಾ?"

"ಹೊರಗೆ ಕುರ್ಚಿ ಮೇಲೆ ಕೂತಿರೋರನ್ನ ಒಂದು ಮಾತು ಕೇಳಿ ಬನ್ನಿ," ಎಂದರು ಮೇಷ್ಟ್ರು.

ಮೂಡಲಗಿರಿಯಪ್ಪ ತಿರುಗಿ ನೋಡಿದ. ಹೆಡ್‌ಮೇಷ್ಟ್ರ ಕುರ್ಚಿಯಲ್ಲಿ ಹನುಮಕ್ಕ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. ಅವನ ಮೂರು ಮಕ್ಕಳೂ ಅವಳ ಕೈಯಲ್ಲೇ ಹುಟ್ಟಿದ್ದವು.

"ಏನ್ಲಾ ಮೂಡ್ಲಗಿರಿ," ಎಂದಳು ಮುದುಕಿ, "ಏಳು ವರ್ಸದಿಂದೀಚ್ಗೆ ನಿಮ್ಮನೇಗೆ ನಾನು ಹೆರಿಗೆಗೆ ಬಂದೇ ಇಲ್ವಲ್ಲೋ? ಆರು ವರ್ಸದ್ ಮಗ ಎಲ್ಲಿಂದ್ ಬಂತು?"

ಅವನು ತಲೆ ಕೆರೆದುಕೊಂಡ. ಮೇಷ್ಟ್ರು ಬಾಗಿ ಹುಡುಗಿಯನ್ನೇ ಕೇಳಿದರು. "ನಿನಗೆ ಎಷ್ಟು ವರ್ಷ ಮಗಾ?"

ಹುಡುಗಿ ಅಪ್ಪನನ್ನೂ ಹನುಮಕ್ಕನನ್ನೂ ನೋಡಿದಳು. "ಆರು ಅನ್ನು ಅಂತ ಅಪ್ಪ ದಾರೀಲಿ ಯೋಳ್ಕೊಟ್ಟವ್ನೆ," ಎಂದಳು. "ಆದ್ರೆ ನಂಗೆ ಎಂಟು."

ಮೇಷ್ಟ್ರು ಎಂಟು ಎಂದೇ ಬರೆದರು.