ಇಪ್ಪತ್ತಾರು ಬೋರ್ಡುಗಳ ತಮಿಳು

ವೀರಕ್ಕೊಡಿ ಬರೆದ ಕೋಡನ್ನು ವೀರಕ್ಕೊಡಿಯಲ್ಲದೆ ಬೇರೆ ಯಾರಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಅದರಿಂದ ಅವನಿಗೇನೂ ತೊಂದರೆ ಇರಲಿಲ್ಲ. ನಾಲ್ಕು ಜನ ಹೊಗಳುವಷ್ಟನ್ನು ಒಬ್ಬನೇ ಹೊಗಳಿಕೊಳ್ಳುತ್ತಿದ್ದ.

ಕೊಲಂಬೊ ಪಕ್ಕದ ನುಗೇಗೊಡದಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ಒಟ್ಟು ಒಂಬತ್ತು ಜನ. ತಮಿಳು ಓದಲು ಬರುತ್ತಿದ್ದವಳು ನಾನೊಬ್ಬಳೇ. ಕೊಲಂಬೊದ ದೊಡ್ಡದೊಂದು ಆಸ್ಪತ್ರೆಯ ಇಪ್ಪತ್ತಾರು ಟಿವಿ ಬೋರ್ಡುಗಳ ಕೆಲಸ ನಮಗೆ ಸಿಕ್ಕಿತ್ತು. ಆಸ್ಪತ್ರೆಯವರು ಸಿಂಹಳದಲ್ಲಿ ಸೂಚನೆ ಟೈಪ್ ಮಾಡುತ್ತಾರೆ. ನಮ್ಮ ಸರ್ವರ್ ಅದನ್ನು ಹೊರದೇಶದ ಒಂದು ಅನುವಾದ ಸೇವೆಗೆ ಕಳಿಸಿ, ತಮಿಳು ತರಿಸಿಕೊಂಡು, ಎರಡನ್ನೂ ಬೋರ್ಡಿಗೆ ಹಾಕಬೇಕು. ಇಷ್ಟೇ. ಆ ಸೇವೆಯನ್ನು ಹೇಗೆ ಕೇಳಬೇಕು, ಅದು ‘ಈಗ ಆಗದು, ಸ್ವಲ್ಪ ತಡೆದು ಕೇಳು’ ಎಂದರೆ ಎಷ್ಟು ಹೊತ್ತು ತಡೆಯಬೇಕು, ಕೊನೆಗೂ ಸಿಗದಿದ್ದರೆ ತಪ್ಪಾಗಿದೆ ಎಂದು ನಮಗೆ ಹೇಗೆ ತಿಳಿಸಬೇಕು, ಇದನ್ನೆಲ್ಲ ಸೇವೆಯವರೇ ಬರೆದು ಲೈಬ್ರರಿ ಎಂದು ಪುಕ್ಕಟೆ ಕೊಟ್ಟಿರುತ್ತಾರೆ. ಅದನ್ನು ನಮ್ಮ ಕೋಡಿಗೆ ಸೇರಿಸಿಕೊಂಡರೆ ಹನ್ನೆರಡು ಸಾಲಿನ ಕೆಲಸ.

“ಲೈಬ್ರರಿನಾ?” ವೀರಕ್ಕೊಡಿ ಮೂಗು ಮುರಿದ. “ಅದು ಕೈಲಾಗದೋರಿಗೆ, ನಂಗಿ. ಪ್ಯಾಕೆಟ್ ನೂಡಲ್ಸ್ ಬೇಯಿಸೋನನ್ನ ಬಾಣಸಿಗ ಅಂತ ಕರೀತೀವಾ?”

ನಂಗಿ ಎಂದರೆ ತಂಗಿ. ಪ್ರೀತಿಗಲ್ಲ, ನಾನು ಅವನ ಕೈಕೆಳಗಿನವಳೆಂದು ಇಡೀ ಮಹಡಿಗೆ ಕೇಳಿಸಲಿ ಎಂದು ಹಾಗೆ ಕರೆಯುತ್ತಿದ್ದ. ಎರಡು ತಿಂಗಳು ಕೂತು ಸಾವಿರದ ನಾನೂರು ಸಾಲು ತಾನೇ ಬರೆದ. ಅದಕ್ಕೆ ‘ವೀರ’ ಎಂದು ಹೆಸರನ್ನೂ ಇಟ್ಟ. ಆಚೆ ಕಡೆಯ ಸೇವೆ ‘ತಡೆದು ಕೇಳು’ ಎಂದರೆ ‘ವೀರ’ನಿಗೆ ತಿಳಿಯುತ್ತಿರಲಿಲ್ಲ, ಬಾಗಿಲು ಬಡಿಯುವ ಸಾಲ ಕೊಟ್ಟವನಂತೆ ಮತ್ತೆ ಮತ್ತೆ ಕೇಳುತ್ತಿತ್ತು. ಆಮೇಲೆ, ಬೋರ್ಡು ಖಾಲಿ ಕಾಣಬಾರದೆಂದು, ಹಿಂದೆ ಯಾವಾಗಲೋ ಬಂದಿದ್ದ ತಮಿಳು ಸಾಲನ್ನೇ ಎತ್ತಿ ಹಾಕುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಇಪ್ಪತ್ತಾರು ಬೋರ್ಡುಗಳೂ ಒಟ್ಟಿಗೆ ಕೇಳುವಾಗ ಹೀಗಾಗುತ್ತಿತ್ತು.

ಆಸ್ಪತ್ರೆಯಲ್ಲಿ ಬೋರ್ಡುಗಳು ಶುರುವಾದ ವಾರವೇ ನಾನು ಅದನ್ನು ಆಫೀಸಿನ ಪರದೆಯ ಮೇಲೆ ನೋಡಿದೆ. ಸಿಂಹಳದಲ್ಲಿ ‘ಕುಡಿಯುವ ನೀರು ಎಡಕ್ಕೆ’ ಎಂದಿತ್ತು. ಕೆಳಗೆ ತಮಿಳಿನಲ್ಲಿ ‘ಶವ ಪಡೆಯಲು ಗುರುತಿನ ಚೀಟಿ ತನ್ನಿ’ ಎಂದಿತ್ತು.

ವೀರಕ್ಕೊಡಿಯನ್ನು ಕರೆದು ತೋರಿಸಿದೆ. ಅವನು ಮೀನಿನ ಬನ್ನು ತಿನ್ನುತ್ತ ಬಂದು, ಅರ್ಥವಾಗದ ಅಕ್ಷರಗಳನ್ನು ಅರ್ಥವಾದವನಂತೆ ನೋಡಿದ.

“ಚೆನ್ನಾಗೇ ಕಾಣ್ತಿದೆಯಲ್ಲ.”

“ಕಾಣೋದು ಚೆನ್ನಾಗೇ ಇದೆ ಸರ್. ಹೇಳೋದು ಬೇರೆ.”

“ನೀನು ಕೋಡ್ ನೋಡು ನಂಗಿ, ಕವಿತೆ ಓದಬೇಡ,” ಎಂದು ಹೋದ.

ಹೋಗಲಿ ಎಂದು ನಾನೂ ಸುಮ್ಮನಾದೆ. ಸುಳ್ಳು ಯಾಕೆ, ಬರಿಯ ಸುಮ್ಮನಿರುವಿಕೆಯಾಗಿರಲಿಲ್ಲ ಅದು. ದಿನಾ ಎಂಟಕ್ಕೆ ಪರದೆ ತೆರೆದು ‘ವೀರ’ನ ಹೊಸ ಅವಾಂತರವನ್ನು ಫೋನಿನಲ್ಲಿ ಫೋಟೊ ತೆಗೆದು ವವುನಿಯಾದ ಅಕ್ಕನಿಗೆ ಕಳಿಸುತ್ತಿದ್ದೆ. ಅವಳು ನಗುತ್ತಿದ್ದಳು. ಅಂಥ ದಡ್ಡನ ಕೈಕೆಳಗೆ ಇರುವುದು ಕೊಂಚ ಹಗುರವಾಗುತ್ತಿತ್ತು. ಹೀಗೆ ಮೂರು ವಾರ ಕಳೆಯಿತು.

ನಾಲ್ಕನೇ ವಾರ, ಮಂಗಳವಾರ, ಬೋರ್ಡುಗಳನ್ನು ಆಸ್ಪತ್ರೆಯ ಆಡಳಿತಾಧಿಕಾರಿ ಇನೋಕಾ ಅವರಿಗೆ ತೋರಿಸುವುದಿತ್ತು. ವೀರಕ್ಕೊಡಿ ಟೈ ಕಟ್ಟಿಕೊಂಡು ಬಂದಿದ್ದ. ಲ್ಯಾಪ್‌ಟಾಪ್ ಹೊರಲು ನನ್ನನ್ನೂ ಕರೆದೊಯ್ದ. ಅವನು ಮೀಟಿಂಗ್ ಕೋಣೆಗೆ ಹೋದ ಮೇಲೆ ನಾನು ಕಣ್ಣಿನ ವಿಭಾಗದ ಬೋರ್ಡಿನ ಕೆಳಗೆ ನಿಂತು ಓದುತ್ತಿದ್ದೆ. ಸಿಂಹಳ: ‘ಕಣ್ಣಿನ ಕ್ಲಿನಿಕ್ ಇನ್ನು ಮುಂದೆ ಎರಡನೇ ಮಹಡಿಯಲ್ಲಿ’. ತಮಿಳು: ‘ಇಂದು ಕ್ಲಿನಿಕ್ ಇಲ್ಲ. ಮುಂದಿನ ಮಂಗಳವಾರ ಬನ್ನಿ’. ಪಿಸುಗುಟ್ಟುತ್ತ ಓದಿದ್ದು ಯಾರಿಗೋ ಕೇಳಿಸಿತು.

“ತಾಯಿ, ನಮ್ ಭಾಷೆ ಓದ್ತೀಯಲ್ಲ. ಇವತ್ತೂ ಇಲ್ವಂತಾ?”

ಮುದುಕಿಯೊಬ್ಬಳು. ಬಿಳಿ ಪೊರೆ ಕಟ್ಟಿದ ಕಣ್ಣು, ಎದೆಗೆ ಅವುಚಿಕೊಂಡ ಪ್ಲಾಸ್ಟಿಕ್ ಚೀಲ. ಹೆಸರು ಅಂಜಲೈ, ದೂರದ ಹ್ಯಾಟನ್ನಿನ ಟೀ ತೋಟದಿಂದ ರೈಲು ಹತ್ತಿ ಬಂದಿದ್ದಳು. ವಾಪಸ್ ಹೊರಡಲು ಚೀಲವನ್ನು ಆಗಲೇ ಎತ್ತಿಕೊಂಡಿದ್ದಳು.

“ಇವತ್ತೂ ಅಂದ್ರೆ? ಮುಂಚೇನೂ ಬಂದಿದ್ರಾ?”

“ಹೋದ ಮಂಗಳವಾರ ಬಂದೆ. ಪಕ್ಕದಾಗೆ ಕುಂತಿದ್ದೋರು ಇದನ್ನ ಓದಿ, ಇವತ್ತಿಲ್ಲ ಹೋಗಜ್ಜಿ ಅಂದ್ರು. ಅದರ ಹಿಂದಿನ ವಾರಾನೂ ಅಂಗೇ ಆಯ್ತು.”

“ಕೌಂಟರಲ್ಲಿ ಕೇಳಬಾರದಿತ್ತಾ ಅಜ್ಜಿ?”

“ಕೇಳ್ದೆ ತಾಯಿ. ಬೋರ್ಡ್ ನೋಡು ಅಂತ ಕೈ ತೋರ್ಸಿದ್ರು. ಕಣ್ಣು ಕಾಣ್ದೆ ತಾನೆ ನಾನಿಲ್ಲಿಗೆ ಬಂದಿರೋದು!” ಎಂದು ತಾನೇ ನಕ್ಕಳು.

ನನಗೆ ನಗು ಬರಲಿಲ್ಲ. ಈ ಸಾಲಿನ ಫೋಟೊ ನನ್ನ ಫೋನಿನಲ್ಲಿತ್ತು. ಹೋದ ಮಂಗಳವಾರದ್ದೂ ಇತ್ತು. ಅಕ್ಕ ಅದಕ್ಕೆ ಮೂರು ನಗುಮುಖ ಕಳಿಸಿದ್ದಳು.

ಕೈ ಹಿಡಿದು ಎರಡನೇ ಮಹಡಿಗೆ ಹತ್ತಿಸಿ, ಚೀಟಿ ಮಾಡಿಸಿ, ಬೆಂಚಿನ ಮೇಲೆ ಕೂರಿಸಿ ಬಂದೆ. ಕೆಳಗೆ ಮೀಟಿಂಗ್ ಕೋಣೆಯಲ್ಲಿ ವೀರಕ್ಕೊಡಿಯ ಭಾಷಣ ಮುಗಿಯುವ ಹಂತಕ್ಕೆ ಬಂದಿತ್ತು.

“ಇಷ್ಟು ದಿನದಲ್ಲಿ ಒಂದೇ ಒಂದು ಬೋರ್ಡು ಒಂದು ಕ್ಷಣಾನೂ ಖಾಲಿ ಆಗಿಲ್ಲ ಮೇಡಂ. ಎಲ್ಲಾ ನಾನೇ ಬರೆದಿದ್ದು. ರೆಡಿಮೇಡ್ ಸಾಮಾನು ಮುಟ್ಟೇ ಇಲ್ಲ.”

ಇನೋಕಾ ನನ್ನ ಕಡೆ ತಿರುಗಿದರು. “ನಿಮಗೆ ತಮಿಳು ಬರುತ್ತಲ್ಲ? ಒಂದು ಬೋರ್ಡ್ ಓದಿ ಹೇಳಿ, ಕೇಳೋಣ.”

ಗೋಡೆಯ ಮೇಲಿದ್ದ ಬೋರ್ಡಿನ ತಮಿಳನ್ನು ಓದಿ ಸಿಂಹಳದಲ್ಲಿ ಅರ್ಥ ಹೇಳಿದೆ, ಅದರ ಮೇಲಿದ್ದ ಸಿಂಹಳ ಸಾಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆಮೇಲೆ ಕಣ್ಣಿನ ವಿಭಾಗದ್ದನ್ನು ಹೇಳಿದೆ. ಅಂಜಲೈಯ ವಿಷಯವನ್ನೂ ಹೇಳಿದೆ.

ವೀರಕ್ಕೊಡಿಯ ಮುಖ ಬೆಂದ ಬದನೆಕಾಯಿಯಾಯಿತು. “ಅದು ಅನುವಾದ ಸೇವೆಯವರ ತಪ್ಪು ಮೇಡಂ. ಸರಿಯಾಗಿ ಉತ್ತರ ಕೊಡಲ್ಲ ಅವ್ರು.”

“ಕೊಡ್ತಾರೆ,” ಎಂದೆ. “ತಡೀರಿ ಅಂತಾರೆ. ಇವರ ಕೋಡಿಗೆ ಅದು ಕೇಳಿಸಲ್ಲ. ಅವರ ಲೈಬ್ರರಿ ಹಾಕಿದ್ದಿದ್ರೆ ತಾನಾಗೇ ತಡೆದು ಕೇಳ್ತಿತ್ತು. ಸಿಗದಿದ್ರೆ ಸಿಗಲಿಲ್ಲ ಅಂತ ನಮಗೆ ಹೇಳ್ತಿತ್ತು. ಹಳೇ ಸಾಲು ತಂದು ಹಾಕ್ತಿರಲಿಲ್ಲ.”

ಹೇಳುವಾಗ ಬಾಯಿಗೆ ಸಕ್ಕರೆ ಹಾಕಿದಂತಿತ್ತು. ಇನೋಕಾ ಪೆನ್ನು ಕೆಳಗಿಟ್ಟರು.

“ನಿಮಗಿದು ಯಾವಾಗಿಂದ ಗೊತ್ತು?”

“ಮೂರು ವಾರದಿಂದ.”

“ಇವರಿಗೆ ಹೇಳಿದ್ರಾ?”

“ಹೇಳಿದೆ. ಕೇಳಲಿಲ್ಲ.”

“ಎಷ್ಟು ಸಲ ಹೇಳಿದ್ರಿ?”

“ಒಂದು ಸಲ.”

“ನಂಗೆ ಯಾಕೆ ಒಂದು ಫೋನ್ ಮಾಡಲಿಲ್ಲ?”

 ಅವರು ವೀರಕ್ಕೊಡಿಯನ್ನು ನೋಡಿದ ಕಣ್ಣಿನಲ್ಲೇ ನನ್ನನ್ನೂ ನೋಡಿದರು. ಒಂದು ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಗುರುವಾರ ಬೆಳಿಗ್ಗೆಯೊಳಗೆ ಸರಿಯಾಗದಿದ್ದರೆ ಬೋರ್ಡುಗಳನ್ನು ಕಿತ್ತುಕೊಂಡು ಹೋಗಿ ಎಂದು ಎದ್ದರು.

ಬುಧವಾರ ನಾನು ‘ವೀರ’ನನ್ನು ಪೂರ್ತಿ ಅಳಿಸಿದೆ. ಲೈಬ್ರರಿ ಸೇರಿಸಿದೆ. ತಮಿಳು ಸಿಗದಿದ್ದರೆ ಬೋರ್ಡಿನಲ್ಲಿ ‘ಕೌಂಟರಿನಲ್ಲಿ ಕೇಳಿ’ ಎಂದು ತಮಿಳಿನಲ್ಲಿ ಬರುವಂತೆ ಮಾಡಿದೆ, ಹಾಗೆ ಕೇಳಿದವರಿಗೆ ಬಾಯಲ್ಲೇ ಉತ್ತರ ಕೊಡಬೇಕೆಂದು ಕೌಂಟರಿನವರಿಗೆ ಇನೋಕಾ ಅವರಿಂದ ಚೀಟಿ ಬರೆಸಿದೆ. ಮಧ್ಯಾಹ್ನದ ಊಟದೊಳಗೆ ಮುಗಿಯಿತು. ವೀರಕ್ಕೊಡಿ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ತನ್ನ ಸಾಲುಗಳು ಹೋಗುವುದನ್ನು ನೋಡುತ್ತಿದ್ದ. ಅರ್ಧ ದಾರಿಯಲ್ಲಿ ಒಮ್ಮೆ, “ಆ ಭಾಗ ಬರೆಯೋಕೆ ಹನ್ನೊಂದು ದಿನ ಹಿಡಿದಿತ್ತು,” ಎಂದ. ಯಾರನ್ನೂ ಉದ್ದೇಶಿಸಿದಂತಿರಲಿಲ್ಲ.

ಶುಕ್ರವಾರ ನಮ್ಮ ಕಂಪನಿಯ ಧಣಿಯಿಂದ ಎಲ್ಲರಿಗೂ ಮೇಲ್ ಬಂತು: ವೀರಕ್ಕೊಡಿಯವರ ಮೇಲ್ವಿಚಾರಣೆಯಲ್ಲಿ ಬೋರ್ಡುಗಳು ಎರಡನೇ ಹಂತ ತಲುಪಿವೆ, ಅವರಿಗೆ ಅಭಿನಂದನೆ. ಅವನು ಮಹಡಿಯ ಮಧ್ಯೆ ನಿಂತು ಕೈ ಜೋಡಿಸಿದ. ನಾಚಿಕೆಗೆಟ್ಟವನು. ಅಕ್ಕನಿಗೆ ಆ ಮೇಲ್‌ನ ಫೋಟೊ ಕಳಿಸೋಣವೆಂದು ಫೋನು ತೆಗೆದೆ. ಅವಳಿಗೆ ಹಿಂದೆ ಕಳಿಸಿದ್ದ ಬೋರ್ಡುಗಳ ಫೋಟೊಗಳು ಒಂದೊಂದಾಗಿ ಮೇಲೆ ಬಂದವು. ಅವುಗಳನ್ನು ನೋಡುತ್ತ ಕೂತೆ. ಯಾವ ಫೋಟೊದ ಸಾಲು ಯಾರನ್ನು ಯಾವ ರೈಲಿಗೆ ಹತ್ತಿಸಿ ವಾಪಸು ಕಳಿಸಿತ್ತೋ ಲೆಕ್ಕಕ್ಕೆ ಸಿಗಲಿಲ್ಲ.