ನಲವತ್ತೇಳನೇ ಚೂರು

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಅವಳನ್ನು ಅಂಟಕ್ಕ ಎಂದೇ ಕರೆಯುತ್ತಿದ್ದರು. ಉತ್ಖನನದಲ್ಲಿ ಸಿಕ್ಕ ಎಂಟುನೂರು ವರ್ಷ ಹಳೆಯ ಮಡಕೆ ಚೂರುಗಳ ಒಳಮೈಗೆ ನಂಬರು ಬರೆದು, ಒಂದಕ್ಕೊಂದು ಹೊಂದಿಸಿ ಅಂಟಿಸುವುದು ಅವಳ ಕೆಲಸ. ಒಡಕು ನೋಡಿದರೆ ಸಾಕು, ಇದು ಕೈಜಾರಿ ಬಿದ್ದದ್ದು, ಇದು ಯಾರೋ ಬಡಿದದ್ದು ಎಂದು ಹೇಳಿಬಿಡುತ್ತಿದ್ದಳು. ಇಷ್ಟೆಲ್ಲ ಬಲ್ಲ ಮಹಾತಾಯಿ, ತಂಗಿ ಒಮ್ಮೆ ಹಲ್ಲು, ಒಮ್ಮೆ ಮಣಿಕಟ್ಟು ಮುರಿದುಕೊಂಡು ಬಂದು "ಮೆಟ್ಟಿಲಿಂದ ಜಾರಿ ಬಿದ್ದೆ ಅಕ್ಕ" ಎಂದಾಗ ಆರು ವರ್ಷ ನಂಬಿದ್ದಳು. ತಂಗಿಯ ಮನೆ ಇದ್ದದ್ದು ನೆಲಮಹಡಿಯಲ್ಲಿ!

ಅಂದು ಬೆಳಿಗ್ಗೆ ತಂಗಿ ತುಟಿ ಸೀಳಿಕೊಂಡು, ಬಟ್ಟೆಯ ಚೀಲ ಹಿಡಿದು ನೇರ ಅಕ್ಕ ಕೆಲಸ ಮಾಡುವ ಉಗ್ರಾಣಕ್ಕೇ ಬಂದಳು.

"ಇನ್ನು ಆ ಮನೆಗೆ ಹೋಗಲ್ಲ ಅಕ್ಕ. ಹೋದ್ರೆ ಸಾಯಿಸ್ತಾನೆ."

ಅಂಟಕ್ಕ ಅವಳಿಗೆ ನೀರು ಕೊಡುವಷ್ಟರಲ್ಲಿ ಗಂಡ ಎನ್ನುವವನು ಬಾಗಿಲು ಒದ್ದು ಒಳಗೆ ಬಂದ. ಅಡ್ಡ ಬಂದ ಟ್ರೇಗಳನ್ನು ಕೆಡವಿದ. ಹೆಂಡತಿಯ ಜುಟ್ಟು ಹಿಡಿದು ಅವಳ ಹಣೆಯನ್ನು ಕಬ್ಬಿಣದ ಕಪಾಟಿಗೆ ಬಡಿದ. ಒಮ್ಮೆ, ಮತ್ತೊಮ್ಮೆ. ಬಿಡಿಸಲು ಹೋದ ಅಂಟಕ್ಕನ ಬಾಯಿಗೆ ಮೊಣಕೈಯಿಂದ ಗುದ್ದಿದ. ಮೂರನೆಯ ಸಲ ಬಡಿಯಲು ಜುಟ್ಟು ಹಿಂದಕ್ಕೆ ಎಳೆದ.

ಮೇಜಿನ ಮೇಲೆ ಅಂಟಿಸಿ ಮುಗಿಸಿದ ಹೂಜಿಯಿತ್ತು. ನಲವತ್ತೇಳು ಚೂರು, ಮೂರು ತಿಂಗಳ ಕೆಲಸ. ಅಂಟಕ್ಕ ಅದರ ಕೊರಳು ಹಿಡಿದೆತ್ತಿ, ಮೈಯಲ್ಲಿದ್ದ ಬಲವನ್ನೆಲ್ಲ ಸೇರಿಸಿ ಅವನ ನೆತ್ತಿಗೆ ಅಪ್ಪಳಿಸಿದಳು. ಅವನು ಮಂಡಿಯೂರಿ ಕುಸಿದ. ರಕ್ತ ಕಿವಿಯ ಮೇಲೆ ಧಾರೆಯಾಗಿ ಇಳಿಯಿತು. ತಲೆ ಹಿಡಿದುಕೊಂಡು, ಗೋಡೆ ತಡವುತ್ತ ಹೊರಗೆ ಓಡಿದ.

ಅಂಟು ಮಣ್ಣಿಗಿಂತ ಬಲವಾಗಿರಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಪೆಟ್ಟು ಬಿದ್ದರೆ ಅಂಟು ಬಿಡಬೇಕೇ ಹೊರತು ಮಡಕೆ ಹೊಸದಾಗಿ ಒಡೆಯಬಾರದು. ಹೂಜಿ ಹಾಗೆಯೇ ಅಂಟಿಸಿದಲ್ಲೆಲ್ಲ ಬಿಟ್ಟುಕೊಂಡಿತ್ತು. ಅಕ್ಕತಂಗಿಯರು ನೆಲದ ಮೇಲೆ ಕೂತು ಆಯ್ದರು. ನಲವತ್ತಾರು ಸಿಕ್ಕವು. ಮೇಜಿನ ಕೆಳಗೆ, ಕಪಾಟಿನ ಹಿಂದೆ ಎಲ್ಲೂ ಇನ್ನೊಂದಿಲ್ಲ.

ಮಧ್ಯಾಹ್ನ ಒಬ್ಬ ಪೊಲೀಸು ಬಂದ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಉಗುರಿನಷ್ಟು ಚೂರು, ಒಳಮೈಯಲ್ಲಿ ಅಂಟಕ್ಕನ ಮುದ್ದಾದ ಅಕ್ಷರದಲ್ಲಿ ನಲವತ್ತೇಳು.

"ಆಸ್ಪತ್ರೆಯಲ್ಲಿ ಒಬ್ಬನ ತಲೆಯಿಂದ ತೆಗೆದಿದ್ದು. ಮೆಟ್ಟಿಲಿಂದ ಜಾರಿ ಬಿದ್ದೆ ಅಂತಾನೆ. ಡಾಕ್ಟ್ರು ನಂಬಲಿಲ್ಲ. ನಂಬರು ಬರೆದ ಹಳೇ ಮಡಕೆ ಚೂರು ಅಂದ್ರೆ ಇಲ್ಲಿಂದಲೇ ಇರ್ಬೇಕು ಅಂತ ಬಂದೆ. ನಿಮ್ದೇನಾ ಇದು?"

ಹೆಂಗಸಿನ ಕೈಲಿ ಏಟು ತಿಂದೆ ಎನ್ನಲು ಆ ಶೂರನಿಗೆ ನಾಚಿಕೆ! ಅಂಟಕ್ಕನಿಗೆ ಹೋದ ಜೀವ ಬಂದಂತಾಯಿತು. ಒಂದು ಹೂಂ ಅಂದರೆ ಕೆಲಸವೂ ಉಳಿಯುತ್ತದೆ, ಜೈಲೂ ತಪ್ಪುತ್ತದೆ.

"ಹೌದು ಸಾರ್, ಇಲ್ಲಿ ಮೆಟ್ಟಿಲ ಹತ್ರ ಟ್ರೇ ಇಟ್ಟಿದ್ವಿ..."

"ಅಕ್ಕ, ಸುಮ್ನಿರು."

ತಂಗಿ ಕಪಾಟಿನ ಹಿಂದಿನಿಂದ ಬಂದಳು. ಹಣೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಕುರ್ಚಿ ಎಳೆದು ಪೊಲೀಸಿನ ಎದುರು ಕೂತಳು.

"ಯಾರೂ ಮೆಟ್ಟಿಲಿಂದ ಬಿದ್ದಿಲ್ಲ ಸಾರ್. ಅವನನ್ನ ನಮ್ಮಕ್ಕ ಹೊಡೆದಳು. ನನ್ನನ್ನ ಅವನು ಆರು ವರ್ಷ ಹೊಡೆದ. ಎರಡನ್ನೂ ಬರ್ಕೊಳ್ಳಿ."