ದೊಡ್ಡವೆಂಕಟಪ್ಪನ ತಂಗಿಯರು

ನನ್ನ ಗಂಡ ಹಯಗ್ರೀವರಿಗೆ ಹೊಸೂರಿನ ಪಂಚಾಯಿತಿ ಆಫೀಸರ್ ಕೆಲಸ ಸಿಕ್ಕಿದ್ದು ಎಪ್ಪತ್ತೆಂಟರಲ್ಲಿ. ಡೆಂಕಣಿಕೋಟೆಯಲ್ಲಿ ನಮ್ಮ ಮಾವನವರು ಬೀದಿಗೆಲ್ಲ ಸಕ್ಕರೆ ಹಂಚಿದರು. ಹಂಚದೇ ಇದ್ದಿದ್ದರೆ ಆ ಸಕ್ಕರೆಯಾದರೂ ಮನೆಯಲ್ಲಿ ಉಳಿಯುತ್ತಿತ್ತು. ಈ ಮನುಷ್ಯ ಎಂಥವರು ಅಂದರೆ, ಯಾರೋ ಬಾಗಿಲಲ್ಲಿಟ್ಟು ಹೋದ ಹಲಸಿನ ಹಣ್ಣನ್ನು ಹೆಗಲ ಮೇಲೆ ಹೊತ್ತು, ಬಸ್ ಸ್ಟ್ಯಾಂಡಿನ ತನಕ ಅಟ್ಟಿಸಿಕೊಂಡು ಹೋಗಿ ವಾಪಸ್ ಕೊಟ್ಟು ಬಂದವರು. ಅಂಗಿಯೆಲ್ಲ ಮೇಣ. ಒಗೆದವಳು ನಾನು.

ಆಗ ಊರನ್ನು ಆಳುತ್ತಿದ್ದವನು ದೊಡ್ಡವೆಂಕಟಪ್ಪ. ಜೂಜುವಾಡಿ ಗಡಿ ದಾಟಿ ಬರುವ ಕಳ್ಳ ಸಾರಾಯಿ ಲಾರಿಗಳು ಅವನವು, ಸಂತೆಯಲ್ಲಿ ದೊಣ್ಣೆ ಹಿಡಿದು ತಿರುಗುವ ಆಳುಗಳು ಅವನವರು. ಸರ್ಕಾರದ ಸುಂಕಕ್ಕೆ ರಸೀದಿ ಉಂಟು. ಅದರ ಮೇಲೆ 'ಅಣ್ಣನ ಪಾಲು' ಅಂತ ಇನ್ನೊಂದು ವಸೂಲಿ, ಅದಕ್ಕೆ ದೊಣ್ಣೆಯೇ ರಸೀದಿ. ಕೊಡದವರ ತರಕಾರಿ ಗಾಡಿ ಚಕ್ರದ ಕೆಳಗೆ. ಅಷ್ಟಾದರೂ ಸಂತೆಯ ಹೆಂಗಸರನ್ನೆಲ್ಲ ಅವನು "ತಂಗ್ಯವ್ವಾ" ಅಂತ ಬಾಯಿ ತುಂಬ ಕರೆದೇ ಕಿತ್ತುಕೊಳ್ಳುತ್ತಿದ್ದ. ಎಂಥ ಮರ್ಯಾದಸ್ಥ ಕಳ್ಳ ನೋಡಿ!

ನಮ್ಮವರು ಸುಮ್ಮನಿರುತ್ತಾರೆಯೇ? "ರಸೀದಿಯಿಲ್ಲದೆ ಯಾರಿಗೂ ಕೊಡಬೇಡಿ" ಅಂತ ತಮಿಳು, ಕನ್ನಡ, ತೆಲುಗು ಮೂರರಲ್ಲೂ ಬೋರ್ಡು ಬರೆಸಿ ಸಂತೆ ಬಾಗಿಲಿಗೆ ಹಾಕಿಸಿದರು. ಬೆಳಗಾಗುವಷ್ಟರಲ್ಲಿ ಬೋರ್ಡು ಮಾಯ. ಹುಡುಕಿದರೆ ಅದು ದೊಡ್ಡವೆಂಕಟಪ್ಪನ ಕೊಟ್ಟಿಗೆಯಲ್ಲಿ ಕಲಗಚ್ಚಿನ ಬಾನಿಗೆ ಮುಚ್ಚಳವಾಗಿತ್ತು. ದೂರು ಕೊಡೋಣವೆಂದರೆ ಬರೆದುಕೊಳ್ಳಬೇಕಾದವರೆಲ್ಲ ಅವನ ಮನೆಯ ಬಾಡೂಟ ಉಂಡವರೇ. ಕೊನೆಗೆ ಅವನೇ ನಮ್ಮವರ ಮೇಲೆ ಅರ್ಜಿ ಹಾಕಿದ, ಆಫೀಸರ್ ಬಡವರಿಗೆ ಕಿರುಕುಳ ಕೊಡುತ್ತಾರೆ ಅಂತ! ಸಬ್ ಕಲೆಕ್ಟರ್ ವಿಚಾರಣೆ ಇಟ್ಟರು. ವಸೂಲಿ ನಡೆಯುವುದು ನಿಜ ಅಂತ ಒಬ್ಬರಾದರೂ ಎದುರಿಗೆ ನಿಂತು ಹೇಳಬೇಕು. ಹೇಳದಿದ್ದರೆ ನಮಗೆ ದೂರದ ರಾಮನಾಥಪುರಕ್ಕೆ ವರ್ಗ, ಸಂತೆ ಪೂರ್ತಿ ಅಣ್ಣನ ಪಾಲು.

ನಮ್ಮವರು ಸಂತೆಯಲ್ಲಿ ಒಬ್ಬೊಬ್ಬರನ್ನೂ ಕೇಳಿ ಮುಖ ಸಪ್ಪೆ ಮಾಡಿಕೊಂಡು ಬಂದರು. ನನಗೆ ರೇಗಿತು. ತಳಿ ಅನ್ನುವ ಊರಿಂದ ಬೀನ್ಸು, ಸೇವಂತಿಗೆ ತಂದು ಮಾರುವ ಗೋವಿಂದಮ್ಮನ ಹತ್ತಿರ ಚೀಲ ಹಿಡಿದುಕೊಂಡು ನಾನೇ ಹೋದೆ.

"ಅಯ್ಯೋ ಬುಡಿ ಅಮ್ಮಾವ್ರೆ," ಅಂದಳು ಗೋವಿಂದಮ್ಮ. "ನೀವು ಇವತ್ತು ಇರ್ತೀರ, ನಾಳೆ ಓಯ್ತೀರ. ಈ ಜಾಗದಾಗೆ ಬೀನ್ಸ್ ಮಾರ್ಬೇಕಾದೋಳು ನಾನು."

"ತಂಗಿ ಅಂತ ಕರೀತಾನಲ್ಲ, ಗೌರಿ ಹಬ್ಬಕ್ಕೆ ಎಂದಾದ್ರೂ ಬಾಗಿನ ಕೊಟ್ಟಿದ್ದಾನೇನೇ ನಿಮ್ಮಣ್ಣ?" ಅಂದೆ ಸಿಟ್ಟಿನಲ್ಲಿ.

ಪಕ್ಕದಲ್ಲಿ ಕೊತ್ತಂಬರಿ ಮಾರುತ್ತಿದ್ದ ಅಂಜಮ್ಮ ಕಿಸಕ್ಕನೆ ನಕ್ಕಳು. "ಕೊಡ್ಲಿ ಮತ್ತೆ! ಇಸ್ಕೊಳ್ಳಾಕೆ ಅಣ್ಣ, ಕೊಡಾಕೆ ಯಾರು?"

ಸಾಲಿಗೆ ಸಾಲೇ ನಕ್ಕಿತು. ಅಲ್ಲೇ ಹೊಳೆಯಿತು ನನಗೆ. ಹಬ್ಬ ವಾರದಲ್ಲಿತ್ತು, ವಿಚಾರಣೆ ಗಣೇಶನ ಹಬ್ಬ ಕಳೆದ ಮರುದಿನ. ಎಲ್ಲರೂ ಅವನ ಬಾಗಿಲಿಗೆ ಹೋಗಿ ತವರಿನ ಬಾಗಿನ ಕೇಳಲಿ. ಕೊಡದಿದ್ದರೆ ಊರೆದುರು ಮಾನ ಹೋಗುತ್ತದೆ. ಕೊಟ್ಟರೆ ಅವನ ಗಂಟು ಕರಗುತ್ತದೆ. ಎರಡರಲ್ಲಿ ಏನಾದರೂ ಇವರ ಹೆದರಿಕೆ ಬಿಟ್ಟು ಹೋಗುತ್ತದೆ. ಸಾಕ್ಷಿ ಹೇಳುವುದಕ್ಕೆ ಹೆದರಿದವರು ಇದಕ್ಕೆ ಮಾತ್ರ ಕುಣಿದುಕೊಂಡು ಒಪ್ಪಿದರು.

ಗೌರಿ ಹಬ್ಬದ ಬೆಳಿಗ್ಗೆ ಸಂತೆಗೆ ಸಂತೆಯೇ ತಲೆಗೆ ಹೂ ಮುಡಿದು ಅವನ ಮನೆ ಮುಂದೆ ನಿಂತಿತು. ತಮಾಷೆ ನೋಡಲು ನಾನೂ ಹಿಂದೆ ನಿಂತೆ.

"ಅಣ್ಣೋ! ಬಾಗಿನ ಇಸ್ಕೊಂಡೋಗಾಕೆ ಬಂದಿದ್ದೀವಿ!" ಅಂತ ಗೋವಿಂದಮ್ಮ ಕೂಗಿದಳು.

ದೊಡ್ಡವೆಂಕಟಪ್ಪ ಬನಿಯನ್ನಿನಲ್ಲೇ ಹೊರಗೆ ಬಂದ. ಮೀಸೆ ನೆಟ್ಟಗಿತ್ತು, ಮುಖ ಮಾತ್ರ ಹುಳ್ಳಗೆ. "ಯಾವ ಬಾಗಿನ? ನಡೀರಿ, ನಡೀರಿ!" ಅನ್ನುತ್ತಿದ್ದ ಹಾಗೇ ಅವನ ತಾಯಿ ಕೊಂಡಮ್ಮ ಗೋಡೆ ಹಿಡಿದುಕೊಂಡು ಹೊಸಿಲಿಗೆ ಬಂದಳು. ಕಣ್ಣು ಮಂಜಾಗಿದ್ದ ಮುದುಕಿ. "ಯಾರ್ಲಾ ಅದು, ಬಾಗಿನ ಅಂದಿದ್ದು?"

"ನಿನ್ನ ಮಗನ ತಂಗೀರು ಕಣವ್ವ," ಅಂದಳು ಅಂಜಮ್ಮ.

ಮುದುಕಿ ಬೈಯುತ್ತಾಳೆ ಅಂದುಕೊಂಡೆ. ಅವಳು ಹೊಸಿಲ ಮೇಲೇ ಕುಸಿದು ಅಳತೊಡಗಿದಳು. "ನನ್ ಮಗ್ಳು ಸತ್ ಮ್ಯಾಕೆ ಈ ಬಾಕ್ಲಿಗೆ ಬಾಗಿನ ಅಂತ ಒಂದ್ ಹೆಣ್ಣು ಬಂದಿರ್ಲಿಲ್ಲ ಕಣ್ರವ್ವ," ಅಂದಳು. ನನಗಂತೂ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಟ ಕಟ್ಟಲು ಹೋಗಿ ಯಾವ ಗಾಯಕ್ಕೆ ಕೈ ಹಾಕಿದೆವೋ ಅಂತ ಸಂಕಟವಾಯಿತು.

ಆಮೇಲೆ ಆ ಮುದುಕಿಯ ಜೋರು ನೋಡಬೇಕಿತ್ತು. "ಏಯ್ ಎಂಕಟ, ಮೊರ ತರ್ಸ್ಲಾ! ಬಳೆ ತರ್ಸು! ರವಿಕೆ ಕಣ ಇಲ್ದೆ ಕೊಟ್ರೆ ನಿನ್ ಕೈ ಮುರೀತೀನಿ!" ದೊಣ್ಣೆ ಹಿಡಿಯುವ ಆಳುಗಳೆಲ್ಲ ತಲೆಯ ಮೇಲೆ ಹೊಸ ಮೊರದ ಅಟ್ಟಿ ಹೊತ್ತುಕೊಂಡು ಬಜಾರಿನಿಂದ ಓಡೋಡಿ ಬಂದರು. ಊರೆಲ್ಲ ಜಗಲಿ ಮೇಲೆ ನಿಂತು ನೋಡಿತು. ದೊಡ್ಡವೆಂಕಟಪ್ಪ ಅಂಗಿ ಹಾಕಿಕೊಂಡು, ಬೆವರು ಸುರಿಸುತ್ತ, ಒಬ್ಬೊಬ್ಬರಿಗೂ ಬಾಗಿನ ಕೊಟ್ಟ. ಕೊಂಡಮ್ಮ ಎಲ್ಲರಿಗೂ ಒಬ್ಬಟ್ಟಿನ ಊಟ ಹಾಕಿ, ಕೈಯಿಂದ ಮುಖ ಸವರಿ ಸವರಿ ಕಳಿಸಿದಳು.

ನಾನು ಗೆದ್ದೆ ಅಂತ ಮನೆಗೆ ಬಂದೆ. ಸಂಜೆ ಗೋವಿಂದಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕೈತುಂಬ ಹೊಸ ಬಳೆ, ಕಣ್ಣು ಮಾತ್ರ ನೆಲದ ಮೇಲೆ.

"ಇಚಾರಣೇಲಿ ನಾವ್ಯಾರೂ ಮಾತಾಡಾಕಿಲ್ಲ ಅಮ್ಮಾವ್ರೆ."

"ಯಾಕೇ? ಇನ್ನೂ ಹೆದರಿಕೆನಾ?"

"ಎದ್ರಿಕೆ ಓಯ್ತು. ಆದ್ರೆ ಬಾಗಿನ ಇಸ್ಕೊಂಡಿದ್ದೀವಿ. ತವರು ಆಗ್ಬುಡ್ತಲ್ಲ ಅದು. ತವರ ಮ್ಯಾಲೆ ಕಚೇರೀಲಿ ಸಾಕ್ಷಿ ಯೋಳಾದಾ?"

ಒಳಗಿಂದ ನಮ್ಮವರು ಎಲ್ಲ ಕೇಳಿಸಿಕೊಂಡಿದ್ದರು. "ಭೇಷ್, ತುಳಸಮ್ಮನವರೇ!" ಅಂದರು. "ಒಬ್ಬರೋ ಇಬ್ಬರೋ ಬಾಯಿ ಬಿಡುತ್ತಿದ್ದರೇನೋ. ಈಗ ಎಲ್ಲರ ಬಾಯಿಗೂ ಬೀಗ ಹಾಕಿಸಿದಿರಿ. ಪಾತ್ರೆ ಪಗಡೆ ಕಟ್ಟಿ." ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವರು ನಗುತ್ತ ಅಂದರು, ಅದಕ್ಕೇ ನನಗೆ ಅಳು ಬಂತು.

ವಿಚಾರಣೆಯ ದಿನ ಕಚೇರಿ ತುಂಬ ಜನ. ಸಬ್ ಕಲೆಕ್ಟರ್ ತಮಿಳಿನಲ್ಲಿ ಕೇಳಿದರು, ಆಮೇಲೆ ಗುಮಾಸ್ತ ಕನ್ನಡದಲ್ಲೂ ಕೂಗಿದ: "ವಸೂಲಿ ಬಗ್ಗೆ ಹೇಳುವವರು ಯಾರಾದರೂ ಇದ್ದೀರಾ?" ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೂತರು. ದೊಡ್ಡವೆಂಕಟಪ್ಪ ಕಾಲ ಮೇಲೆ ಕಾಲು ಹಾಕಿ, "ಎಲ್ಲಾ ನನ್ ತಂಗೀರು ಸಾರ್, ಮೊನ್ನೆ ತಾನೇ ಬಾಗಿನ ಕೊಟ್ಟಿವ್ನಿ, ಊರೇ ನೋಡೈತೆ," ಅಂದ. ನಾನು ಹೂಡಿದ ಆಟವೇ ಅವನ ಸಾಕ್ಷಿಯಾಗಿ ಕೂತಿತ್ತು. ನಮ್ಮವರು ಕಿಟಕಿಯ ಕಡೆ ನೋಡುತ್ತಿದ್ದರು. ಸಬ್ ಕಲೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು.

ಆಗ ಬಾಗಿಲಲ್ಲಿ ಗದ್ದಲವಾಯಿತು. ಕೊಂಡಮ್ಮ ತನ್ನ ಪಕ್ಕದ ಮನೆಯ ಕಮಲಮ್ಮನ ಭುಜ ಹಿಡಿದುಕೊಂಡು ಒಳಗೆ ಬಂದಳು.

"ನಾನ್ ಯೋಳ್ತೀನಿ, ಬರ್ಕೋ ಸ್ವಾಮಿ," ಅಂದಳು. "ಈ ಹೆಣ್ಮಕ್ಳು ಬಾಯ್ ಬುಡಾಕಿಲ್ಲ ಅಂತ ಕಮಲಮ್ಮ ಯೋಳಿದ್ಲು. ತವರಿನ ಮಾನ ಓಯ್ತದೆ ಅಂತ ನುಂಗ್ಕೊಂಡು ಕುಂತವ್ರೆ. ನನ್ ಮಗ ವಾರವಾರ ಇವ್ರತ್ರ ಕಿತ್ಕೊಂಡವ್ನೆ. ಆ ಅನ್ನ ನಾನೂ ಉಂಡಿದ್ದೀನಿ."

ದೊಡ್ಡವೆಂಕಟಪ್ಪ ಎದ್ದು ನಿಂತ. "ಅವ್ವಾ, ಮನೀಗ್ ನಡಿ!" ಅಂದ.

"ಬಾಯ್ ಮುಚ್ಲಾ. ಕೊಡೋ ಕೈ ಎಂಗಿರ್ತದೆ ಅಂತ ಮೊನ್ನೆ ನೋಡ್ದೆ ನಿಂದು. ಇನ್ನೊಂದ್ ಕೈನೂ ಊರು ನೋಡ್ಲಿ."

ಗುಮಾಸ್ತ ಬರೆದುಕೊಳ್ಳುವುದಕ್ಕೆ ಕೇಳಿದ: "ನೀವು ಇವರ ತಾಯಿ ಅಂತ ಬರೆಯಲಾ, ಅಮ್ಮ?"

ಮುದುಕಿ ಮಗನ ಕಡೆ ತಿರುಗಲಿಲ್ಲ. ಹೆಂಗಸರು ಕೂತಿದ್ದ ಕಡೆ ಕೈ ಚಾಚಿದಳು. "ಇವ್ರ ಅವ್ವ ಅಂತ ಬರ್ಕೊ," ಅಂದಳು.

ಗೋವಿಂದಮ್ಮ ಬಾಯಿಂದ ಸೆರಗು ತೆಗೆದು ಎದ್ದು ನಿಂತಳು. ಅವಳ ಪಕ್ಕದಲ್ಲಿ ಅಂಜಮ್ಮನೂ ಎದ್ದಳು.